ಡಿಬಿಎಸ್ ಆದಮೇಲೆ ಮಾತು ತೊದಲಿದರೆ ಮನೆಯವರು ಏನು ಮಾಡಬೇಕು?

ಪಾರ್ಕಿನ್ಸನ್ ಇರುವವರಿಗೆ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಅಂದರೆ ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ ಕರೆಂಟು ಕೊಡುವ) ಆಪರೇಷನ್ ಮಾಡಿಸುವ ಮೊದಲು ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಮ್ಮ ಅಪ್ಪ ಗದಗ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ನಡೆಸಿದವರು. ಅವರಿಂದ ಶೇಂಗಾ, ಹೆಸರು, ಕಡಲೆ ರೇಟು ಹೇಳಿಸಿ ಇಟ್ಟುಕೊಂಡಿದ್ದೆ. ಮಾತ್ರೆ ತಗೊಂಡ ಹೊತ್ತನ್ನೂ ಬರೆದಿಡಿ. ಮಾತ್ರೆಯ ಕಸುವು ಇಳಿದಾಗ ಕೆಲವರ ದನಿಯೂ ಇಳಿಯುತ್ತದೆ.

ಡಿಬಿಎಸ್‌ನಿಂದ ಕೈ ನಡುಕ, ಮೈ ಬಿಗಿತ ಚೆನ್ನಾಗಿ ಕಡಿಮೆಯಾಗುತ್ತವೆ. ಮಾತಿಗೆ ಆ ಭರವಸೆ ಇಲ್ಲ. ಕೆಲವರ ಮಾತು ಮೊದಲಿಗಿಂತ ಕೆಡುತ್ತದೆ. ತಂತಿಯ ತುದಿ ಹೆಚ್ಚಾಗಿ ಕೂರುವುದು ಮಿದುಳಿನ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಜಾಗದಲ್ಲಿ. ತುಟಿ, ನಾಲಿಗೆ, ಗಂಟಲನ್ನು ಆಡಿಸುವ ನರದ ಎಳೆಗಳು ಅದರ ಪಕ್ಕದಲ್ಲೇ ಹಾದುಹೋಗುತ್ತವೆ. ಕರೆಂಟು ಅತ್ತ ಹರಿದರೆ ನಾಲಿಗೆ ತೊಡರುತ್ತದೆ. ರೋಗ ಬಲಿತರೂ ಹೀಗಾಗಬಹುದು. ಹಾಗಂತ ‘ವಯಸ್ಸಾಯ್ತು ಬಿಡಿ’ ಅಂತ ಸುಮ್ನೆ ಕೂರಬೇಡಿ.

ಆಪರೇಷನ್ ಆದಮೇಲೆ ಅಪ್ಪನ ಕೈಯಲ್ಲಿ ಚಹಾದ ಬಸಿ ಅಲುಗುತ್ತಿರಲಿಲ್ಲ. ಆದರೆ ‘ಕಡಲೆ’ ಅನ್ನುವಾಗ ‘ಡ’ ಮಾಯವಾಗುತ್ತಿತ್ತು. ಪ್ರೋಗ್ರಾಮಿಂಗ್‌ಗೆ, ಅಂದರೆ ಕರೆಂಟಿನ ಸೆಟ್ಟಿಂಗ್ ಹೊಂದಿಸಲು, ಬೆಂಗಳೂರಿಗೆ ಹೋದಾಗ ಹಳೇದು, ಹೊಸದು ಎರಡೂ ರೆಕಾರ್ಡಿಂಗ್ ಕೇಳಿಸಿದೆ. ಡಾಕ್ಟರು ಎಡಗಡೆ ತಂತಿಯ ಕರೆಂಟು ಸ್ವಲ್ಪ ಇಳಿಸಿ, ಮತ್ತೆ ರೇಟು ಹೇಳಿಸಿದರು. ‘ಡ’ ಕೇಳಿಸಿತು. ಬಲಗೈ ಮಾತ್ರ ಸಣ್ಣಗೆ ನಡುಗಿತು. ಯಾವುದು ಬೇಕು ಅಂತ ಅಪ್ಪನನ್ನೇ ಕೇಳಿದರು. ‘ಕೈ ಒಂಚೂರು ನಡುಗಿದ್ರ ನಡುಗ್ಲಿರೀ, ಬಾಯಿ ನೆಟ್ಟಗಿರ್ಲಿ’ ಅಂದರು. ಈ ಆಯ್ಕೆ ರೋಗಿಯದ್ದೇ ಆಗಬೇಕು, ನಮ್ಮದಲ್ಲ. ಕೆಲವರಿಗೆ ಫ್ರೀಕ್ವೆನ್ಸಿಯನ್ನು (ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವುದನ್ನು) 130 ಹರ್ಟ್ಜ್‌ನಿಂದ 60ರ ಸುತ್ತ ಇಳಿಸಿಯೂ ನೋಡುತ್ತಾರೆ. ಸೆಟ್ಟಿಂಗ್ ಬದಲಿಸುವುದು ಡಾಕ್ಟರ ಕೆಲಸ. ಮನೆಯಲ್ಲಿ ರಿಮೋಟ್ ಹಿಡಿದು ನೀವೇ ಪ್ರಯೋಗ ಮಾಡಬೇಡಿ.

ಸ್ಪೀಚ್ ಥೆರಪಿಯನ್ನೂ ಬಿಡಬೇಡಿ. ಎಲ್‌ಎಸ್‌ವಿಟಿ ಲೌಡ್ ಎಂಬ ಪದ್ಧತಿಯಲ್ಲಿ ವಾರಕ್ಕೆ 4 ದಿನದಂತೆ 4 ವಾರ, ಒಂದೊಂದು ಗಂಟೆ ಜೋರಾಗಿ ಮಾತಾಡಿಸುತ್ತಾರೆ. ಮನೆಯಲ್ಲೂ ದಿನಾ ಅಭ್ಯಾಸ ಬೇಕು. ಅಪ್ಪ ಬೆಳಗ್ಗೆ ಪೇಪರಿನ ಪೇಟೆ ಧಾರಣೆಯನ್ನು ಅಂಗಳದಲ್ಲಿ ನಿಂತು ಓದುತ್ತಾರೆ, ಅವ್ವ ಅಡುಗೆ ಮನೆಯಿಂದಲೇ ‘ಕೇಳಸ್ವಲ್ದು, ಇನ್ನೊಮ್ಮೆ’ ಅನ್ನುತ್ತಾಳೆ.

ಮಾತಾಡುವಾಗ ಟಿವಿ ಆರಿಸಿ, ಎದುರಿಗೆ ಕೂತುಕೊಳ್ಳಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ, ಎಷ್ಟೇ ಹೊತ್ತಾದರೂ ಕಾಯಿರಿ. ನೀರು ಕುಡಿಯುವಾಗ ಮೇಲಿಂದ ಮೇಲೆ ಕೆಮ್ಮು ಬಂದರೆ ನುಂಗುವ ತೊಂದರೆಯೂ ಇರಬಹುದು. ಅದಕ್ಕೆ ಮುಂದಿನ ತಾರೀಖಿಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.