ಗುಳಿಗೆ ನಿಲ್ಲಿಸುವ ಮೊದಲು ಗಡಿಯಾರ ನೋಡಿ

ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಔಷಧಿ ಶುರುವಾಗಿ ಹತ್ತು ಹದಿನೈದು ದಿನ ಆಗುವಷ್ಟರಲ್ಲಿ ಬಾಗಲಕೋಟೆ ಕಡೆಯ ಮನೆಗಳಲ್ಲಿ ಎರಡು ಮಾತು ಒಟ್ಟಿಗೇ ಕೇಳಿಬರುತ್ತವೆ. ಮಾಸ್ತರು, ‘ಹುಡುಗ ಈಗ ಒಂದ ಕಡೆ ಕುಂತ ಬರೀತಾನ್ರಿ’ ಅನ್ನುತ್ತಾರೆ. ಮನೆಯಲ್ಲಿ ಆಯಿ, ಅಂದರೆ ಅಜ್ಜಿ, ‘ಕೂಸು ಉಣ್ಣವಲ್ದು, ಸೊರಗಿ ಹೋತು, ಸಾಕು ಮಾಡ ಆ ಗುಳಿಗಿ’ ಅನ್ನುತ್ತಾಳೆ. ಇಬ್ಬರದೂ ಖರೆ. ನಡುವೆ ಸಿಕ್ಕ ತಾಯಿ ಯಾರಿಗೂ ಹೇಳದೆ ಗುಳಿಗೆ ಬಿಡಿಸುತ್ತಾಳೆ, ಡಾಕ್ಟರು ಬೈದಾರೆಂದು ಮುಂದಿನ ತಪಾಸಣೆಗೂ ಹೋಗುವುದಿಲ್ಲ.

ಆದರೆ ಈ ಔಷಧಿಯ ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ವೇಳೆಗೆ ಅಂಟಿಕೊಂಡವು. ಯಾವ ತೊಂದರೆ ಎಷ್ಟು ಗಂಟೆಗೆ ಬರುತ್ತದೆ ಎಂದು ಗುರುತಿಸಿದರೆ ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ, ಉಳಿದದ್ದನ್ನು ಡಾಕ್ಟರು ಪ್ರಮಾಣ ಇಲ್ಲವೇ ಹೊತ್ತು ಬದಲಿಸಿ ಸರಿಮಾಡುತ್ತಾರೆ.

ಯಾವ ಗುಳಿಗೆ ಎಂದು ತಿಳಿದುಕೊಳ್ಳಿ

ನಮ್ಮಲ್ಲಿ ಹೆಚ್ಚಾಗಿ ಬರೆಯುವುದು ಮೀಥೈಲ್‌ಫೆನಿಡೇಟ್. ಇದರ ಸಣ್ಣ ಅವಧಿಯ ಗುಳಿಗೆ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ 3-4 ಗಂಟೆ ನಡೆಯುತ್ತದೆ. ದೀರ್ಘ ಅವಧಿಯದು, ತಯಾರಿಕೆಗೆ ತಕ್ಕಂತೆ, 8ರಿಂದ 12 ಗಂಟೆಯವರೆಗೆ. ಅವಧಿ ಮುಗಿದ ಮೇಲೆ ಪರಿಣಾಮವೂ ಮುಗಿಯುತ್ತದೆ, ಅಡ್ಡಪರಿಣಾಮವೂ ಬಹುಪಾಲು ಅದರ ಹಿಂದೆಯೇ ಹೋಗುತ್ತದೆ. ಇನ್ನೊಂದು ಔಷಧಿ ಅಟೊಮೊಕ್ಸೆಟಿನ್, ಅದರ ದಾರಿಯೇ ಬೇರೆ: ದಿನಾ ತಪ್ಪದೆ ಕೊಡಬೇಕು, ಪೂರ್ತಿ ಪರಿಣಾಮ ಕಾಣಲು 4-6 ವಾರ ಬೇಕು. ಮೊದಲ ದಿನಗಳಲ್ಲಿ ಅದು ವಾಕರಿಕೆ, ತೂಕಡಿಕೆ ತರಬಹುದು, ಊಟದ ಜೊತೆ ಕೊಟ್ಟರೆ ವಾಕರಿಕೆ ತಗ್ಗುತ್ತದೆ. ಕ್ಲೊನಿಡಿನ್ ಕೊಟ್ಟಿದ್ದರೆ ನಿದ್ದೆಗಣ್ಣು ಸಹಜ. ಆದರೆ ಅದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಏರಿಬಿಡುತ್ತದೆ, ಆಯಿ ಹೇಳಿದ ಕೂಡಲೇ ಬಿಡಿಸುವ ಗುಳಿಗೆ ಅದಲ್ಲ.

ಗುಳಿಗೆಯ ಪಟ್ಟಿಯ (ಸ್ಟ್ರಿಪ್) ಮೇಲೆ ಎಸ್‌ಆರ್, ಇಆರ್ ಎಂದಿದ್ದರೆ ದೀರ್ಘ ಅವಧಿಯದು ಎಂದರ್ಥ. ಮಗು ನುಂಗುವುದಿಲ್ಲವೆಂದು ಕುಟ್ಟಿ ಜೇನಿನಲ್ಲಿ ಕಲಸಿ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ರಕ್ತ ಸೇರುತ್ತದೆ. ನುಂಗಲು ಬಾರದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ದಾರಿ ಇದೆ.

ಮೊದಲ ಗುಳಿಗೆಗೂ ಮುನ್ನ

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಮಗುವಿನ ತೂಕ, ಎತ್ತರ, ರಕ್ತದೊತ್ತಡ, ನಾಡಿ. ಎರಡನೆಯದರಲ್ಲಿ ಈಗಿನ ಸ್ಥಿತಿ: ರಾತ್ರಿ ಎಷ್ಟಕ್ಕೆ ಮಲಗುತ್ತಾನೆ, ಹೊತ್ತಿಗೆ ಎಷ್ಟು ರೊಟ್ಟಿ ತಿನ್ನುತ್ತಾನೆ, ತಲೆನೋವು ಇದೆಯೇ, ಕಣ್ಣು ಪಿಳಿಪಿಳಿ ಬಡಿಯುವ ಇಲ್ಲವೇ ಗಂಟಲು ಕೆಮ್ಮುವ ಚಾಳಿ ಇದೆಯೇ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ನಿದ್ದೆ ಮೊದಲೇ ತಡ. ಬರೆದಿಡದಿದ್ದರೆ ಆಮೇಲೆ ಎಲ್ಲ ಗುಳಿಗೆಯ ತಲೆಗೇ ಬರುತ್ತದೆ.

ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಹಠಾತ್ತಾಗಿ ತೀರಿಕೊಂಡಿದ್ದರೆ, ಮಗು ಓಡುವಾಗ ಎಚ್ಚರ ತಪ್ಪಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಇದೊಂದನ್ನು ಮುಚ್ಚಿಡಬೇಡಿ.

ಊಟ: ಇಲ್ಲಿಯೇ ಹೆಚ್ಚು ಕೆಲಸ

ಹಸಿವು ತಗ್ಗುವುದು ಎಲ್ಲಕ್ಕಿಂತ ಸಾಮಾನ್ಯವಾದ ದೂರು. ಮುಂಜಾನೆ ಎಂಟೂವರೆಗೆ ಕೊಟ್ಟ ಗುಳಿಗೆ ಶಾಲೆಯ ಬಿಸಿಯೂಟದ ಹೊತ್ತಿಗೆ ಇನ್ನೂ ಕೆಲಸದಲ್ಲಿರುತ್ತದೆ, ಹಾಗಾಗಿ ತಟ್ಟೆಯಲ್ಲಿ ಅನ್ನ ಸಾರು ಉಳಿಯುತ್ತದೆ. ಆ ಹೊತ್ತಿನಲ್ಲಿ ಮಗುವಿನ ಜೊತೆ ಜಗಳಾಡಿ ಲಾಭವಿಲ್ಲ. ನಾಲ್ಕು ತುತ್ತು ತಿಂದರೆ ಸಾಕು ಎಂದು ಮಾಸ್ತರಿಗೂ ಹೇಳಿಡಿ. ಊಟವನ್ನು ಔಷಧಿಯ ಆಚೆ ಈಚೆ ಸರಿಸುವುದು ಜಾಣತನ.

ಮುಂಜಾನೆ ಮೊದಲು ಹೊಟ್ಟೆ ತುಂಬ ತಿಂಡಿ, ಆಮೇಲೆ ಗುಳಿಗೆ. ಈ ಕ್ರಮ ತಿರುಗಿಸಬೇಡಿ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಕೆನೆಮೊಸರಿನಲ್ಲಿ ಶೇಂಗಾ ಚಟ್ನಿ ಕಲಸಿ ಕೊಟ್ಟರೆ ಒಂದು ರೊಟ್ಟಿಯೇ ಮಧ್ಯಾಹ್ನದ ಕೊರತೆಯನ್ನು ಬಹಳಷ್ಟು ತುಂಬುತ್ತದೆ. ತತ್ತಿ ತಿನ್ನುವ ಮನೆಯಾದರೆ ಒಂದು ತತ್ತಿ. ಚಾ ಬೇಡ. ನಮ್ಮ ಕಡೆ ನಡೆಯಲು ಕಲಿತ ಕೂಸಿಗೂ ಬಟ್ಟಲಲ್ಲಿ ಚಾ ಹಾಕಿ ಕೊಡುವ ರೂಢಿ ಇದೆ. ಈ ಗುಳಿಗೆಯ ಜೊತೆ ಚಾ ಸೇರಿದರೆ ಎದೆಬಡಿತ, ಚಡಪಡಿಕೆ ಹೆಚ್ಚಬಹುದು, ಹಸಿವು ಇನ್ನಷ್ಟು ಸಾಯುತ್ತದೆ, ರಾತ್ರಿ ನಿದ್ದೆಯೂ ಕೆಡುತ್ತದೆ. ಅಂಗಡಿಯ ಎನರ್ಜಿ ಡ್ರಿಂಕ್ ಅಂತೂ ಕೈಗೇ ಸಿಗಬಾರದು.

ಸಂಜೆ ಐದರ ಸುಮಾರಿಗೆ ಔಷಧಿ ಇಳಿದು ಹಸಿವು ಮರಳುತ್ತದೆ. ಆಗ ಚಾ-ಬಿಸ್ಕಿಟು ಕೊಟ್ಟರೆ ಆ ಹಸಿವು ಅಲ್ಲೇ ಮುಗಿಯಿತು. ಚುನಮುರಿ ಸೂಸಲಾ ಮಾಡಿದರೂ ಅದರಲ್ಲಿ ಶೇಂಗಾ, ಪುಟಾಣಿ ಹಿಟ್ಟು ಧಾರಾಳ ಇರಲಿ, ಬರೀ ಚುನಮುರಿ ಹೊಟ್ಟೆ ತುಂಬಿದಂತೆ ತೋರಿಸುತ್ತದೆ ಅಷ್ಟೆ. ಶೇಂಗಾ ಹೋಳಿಗೆ, ಬಾಳೆಹಣ್ಣು-ಹಾಲು, ಶೇಂಗಾ ಉಂಡಿ ಎಲ್ಲವೂ ಸೈ. ಅಮೀನಗಡದ ಕರದಂಟನ್ನು ಬಾಣಂತಿಗೆ ಮೀಸಲಿಡಬೇಕಿಲ್ಲ. ಅಂಟು, ಒಣಹಣ್ಣು, ಬೆಲ್ಲ, ತುಪ್ಪ ಸೇರಿದ ಆ ತುಂಡು ಸಣ್ಣ ಹೊಟ್ಟೆಗೆ ದೊಡ್ಡ ಊಟ. ರಾತ್ರಿ ಒಂಬತ್ತಕ್ಕೆ ಇನ್ನೊಂದು ಸುತ್ತು ಕೇಳಿದರೆ ‘ಈಗೆಂಥ ಊಟ’ ಎನ್ನದೆ ಹಾಕಿ.

ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ. ಅಂಗನವಾಡಿಯದೋ ಪ್ರಾಥಮಿಕ ಆರೋಗ್ಯ ಕೇಂದ್ರದ್ದೋ, ಯಾವುದಾದರೂ ಆದೀತು, ತಕ್ಕಡಿ ಬದಲಾಗಬಾರದು. ಎತ್ತರವನ್ನು ಆರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿನ ಮೇಲೆ ಗೀಟು ಹಾಕಿ ತಾರೀಖು ಬರೆಯಿರಿ. ವರ್ಷಗಟ್ಟಲೆ ಈ ಔಷಧಿ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸರಾಸರಿ ಒಂದೆರಡು ಸೆಂಟಿಮೀಟರ್ ಕಡಿಮೆ ಕಂಡ ಅಧ್ಯಯನಗಳಿವೆ. ಇದು ಹೆದರಿ ಓಡುವಷ್ಟಲ್ಲ, ಅಳೆಯದೆ ಬಿಡುವಷ್ಟು ಚಿಲ್ಲರೆಯೂ ಅಲ್ಲ. ತೂಕ ಏರದೆ ನಿಂತರೆ ಅಥವಾ ಇಳಿದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಡಾಕ್ಟರಿಗೆ ತಿಳಿಸಿ.

ಬೇಸಿಗೆಯಲ್ಲಿ ಇನ್ನೊಂದು ತಲೆನೋವು, ಅಕ್ಷರಶಃ. ನಲವತ್ತು ಡಿಗ್ರಿಯ ಬಿಸಿಲು, ಅರ್ಧ ಹೊಟ್ಟೆ, ನೀರು ಕುಡಿಯುವುದು ನೆನಪಿಲ್ಲದ ಮಗು. ಶಾಲೆಯ ಬಾಟಲಿ ಸಂಜೆ ಖಾಲಿಯಾಗಿ ಬಂತೋ ಇಲ್ಲವೋ ನೋಡಿ, ಬಂದೊಡನೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಶುರುವಿನ ತಲೆನೋವು, ಹೊಟ್ಟೆನೋವು ಒಂದೆರಡು ವಾರದಲ್ಲಿ ಹೆಚ್ಚಾಗಿ ತಾವೇ ತಗ್ಗುತ್ತವೆ.

ಸಂಜೆಯ ಸಿಟ್ಟು

ಶಾಲೆಯಲ್ಲಿ ಶಾಣ್ಯಾ, ಮನೆಗೆ ಬಂದೊಡನೆ ಕೂಗಾಟ. ‘ಮಾಸ್ತರ ಮುಂದ ಚಲೋ ಇರ್ತಾನ, ನನ್ನ ಮುಂದ ಹಿಂಗ್ಯಾಕ?’ ಎಂದು ತಾಯಂದಿರು ನೊಂದುಕೊಳ್ಳುತ್ತಾರೆ. ಔಷಧಿ ಇಳಿಯುವ ಹೊತ್ತಿನಲ್ಲಿ ಕೆಲವು ಮಕ್ಕಳಿಗೆ ಒಂದರ್ಧ-ಒಂದು ಗಂಟೆ ಸಿಡಿಮಿಡಿ, ಅಳು, ಮೊದಲಿಗಿಂತ ಹೆಚ್ಚಿನ ಚಟುವಟಿಕೆ ಬರುತ್ತದೆ. ಮಗುವಿನ ಹಟಕ್ಕೂ ನಿಮ್ಮ ಸಲಿಗೆಗೂ ಇದರಲ್ಲಿ ಪಾಲು ಕಡಿಮೆ. ಆ ಒಂದು ಗಂಟೆ ಟ್ಯೂಷನ್ ಬೇಡ, ಹೋಂವರ್ಕ್ ಬೇಡ. ತಿಂಡಿ ಕೊಟ್ಟು ಅಂಗಳಕ್ಕೆ ಬಿಡಿ. ದಿನಾ ಅದೇ ಹೊತ್ತಿಗೆ ಬರುತ್ತಿದೆ ಎಂದು ನೋಟ್‌ಬುಕ್ ತೋರಿಸಿದರೆ ಡಾಕ್ಟರು ದೀರ್ಘ ಅವಧಿಯದಕ್ಕೆ ಬದಲಿಸಬಹುದು, ಇಲ್ಲವೇ ಸಣ್ಣದೊಂದು ಪ್ರಮಾಣ ಸೇರಿಸಬಹುದು.

ತುಂಬ ಸುಮ್ಮನಾದರೆ

ಇದರ ಬಗ್ಗೆ ಯಾರೂ ದೂರು ಹೇಳುವುದಿಲ್ಲ, ನನಗೆ ಹೆಚ್ಚು ಚಿಂತೆ ಆಗುವುದು ಇದರದೇ. ಮಗು ನಗುವುದಿಲ್ಲ, ಗೆಳೆಯರು ಕರೆದರೂ ಏಳುವುದಿಲ್ಲ, ಕುಂಟಾಬಿಲ್ಲೆಯೂ ಬೇಡ, ಕೂರಿಸಿದಲ್ಲೇ ಕೂತಿರುತ್ತದೆ. ಅರವತ್ತು ಮಕ್ಕಳ ತರಗತಿಗೆ ಅದು ವರವಾಗಿ ಕಾಣಬಹುದು. ಪ್ರಮಾಣ ಹೆಚ್ಚಾದದ್ದರ ಗುರುತು ಅದು. ಔಷಧಿ ಸರಿಯಾಗಿ ಕೂತಿದ್ದರೆ ಮಗು ತನ್ನ ತುಂಟತನ ಇಟ್ಟುಕೊಂಡೇ ಗಮನ ಕೊಡುತ್ತದೆ. ಒಂದೆರಡು ದಿನ ನೋಡಿ, ಹಾಗೆಯೇ ಇದ್ದರೆ ಫೋನು ಮಾಡಿ.

ನಿದ್ದೆ

ನಿದ್ದೆ ಬಾರದಿದ್ದರೆ ಕೊನೆಯ ಗುಳಿಗೆ ಎಷ್ಟು ಗಂಟೆಗೆ ಹೋಯಿತು ಎಂದು ಮೊದಲು ನೋಡಿ. ಮುಂಜಾನೆ ಮರೆತದ್ದನ್ನು ಮಧ್ಯಾಹ್ನ ಮೂರಕ್ಕೆ ಕೊಟ್ಟರೆ ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ಮೀಥೈಲ್‌ಫೆನಿಡೇಟ್ ಮರೆತರೆ ಆ ದಿನ ಬಿಟ್ಟುಬಿಡಿ, ಮರುದಿನ ಎರಡು ಕೊಡಬೇಡಿ. ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಎತ್ತಿಡಿ, ಮಾಳಿಗೆಯ ಮೇಲೆ ಮಲಗುವ ದಿನಗಳಲ್ಲೂ ಹೊತ್ತು ತಪ್ಪಿಸಬೇಡಿ. ನಿದ್ದೆಯ ಗುಳಿಗೆಯನ್ನು ಅಂಗಡಿಯಲ್ಲಿ ಕೇಳಿ ತರುವುದು ಬೇಡವೇ ಬೇಡ. ನೆಗಡಿಯ ಸಿರಪ್ಪನ್ನೂ ಡಾಕ್ಟರಿಗೆ ಈ ಔಷಧಿಯ ಹೆಸರು ಹೇಳಿಯೇ ಕೊಡಿ.

ಜಾತ್ರೆ, ರಜೆ

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗುವ ದಿನ ಗುಳಿಗೆ ಬೇಕೇ? ಮೀಥೈಲ್‌ಫೆನಿಡೇಟನ್ನು ರಜೆಯಲ್ಲಿ ಬಿಡಲು ಕೆಲವು ಮಕ್ಕಳಿಗೆ ಡಾಕ್ಟರು ಒಪ್ಪುತ್ತಾರೆ, ತೂಕ ಹಿಂದೆ ಬಿದ್ದವರಿಗೆ ಅದರಿಂದ ಅನುಕೂಲವೂ ಇದೆ. ಆದರೆ ಜನಜಂಗುಳಿಯಲ್ಲಿ ಕೈಬಿಡಿಸಿಕೊಂಡು ಓಡುವ ಮಗುವಾದರೆ ಆ ದಿನವೇ ಗುಳಿಗೆ ಹೆಚ್ಚು ಬೇಕು. ಮೊದಲೇ ಕೇಳಿ ನಿರ್ಧರಿಸಿ. ಅಟೊಮೊಕ್ಸೆಟಿನ್, ಕ್ಲೊನಿಡಿನ್‌ಗೆ ಈ ರಜೆ ಇಲ್ಲ.

ಕಾಯಬಾರದ ಲಕ್ಷಣಗಳು

ಎದೆನೋವು, ಎಚ್ಚರ ತಪ್ಪುವುದು, ಉಸಿರಾಟದ ತೊಂದರೆ, ಫಿಟ್ಸ್, ಇಲ್ಲದ್ದು ಕಾಣುವುದು ಕೇಳುವುದು, ಬಹಳ ಹೊತ್ತು ಇಳಿಯದ ನೋವಿನ ಜನನೇಂದ್ರಿಯ ಉದ್ರೇಕ: ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಗುಳಿಗೆ ಕೊಡದೆ ತಕ್ಷಣ ಆಸ್ಪತ್ರೆಗೆ, ಬೇಕಿದ್ದರೆ 108ಕ್ಕೆ ಕರೆ. ಕ್ಲೊನಿಡಿನ್ ಇದ್ದರೆ ಅದನ್ನು ಏನು ಮಾಡಬೇಕೆಂದು ಆಸ್ಪತ್ರೆಯವರೇ ಹೇಳಲಿ. ಅಟೊಮೊಕ್ಸೆಟಿನ್ ತೆಗೆದುಕೊಳ್ಳುವ ಮಗುವಿನ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಅಂದೇ ತೋರಿಸಿ. ಸಾಯುವ ಮಾತು ಆಡಿದರೆ ಗದರಿಸದೆ ಜೊತೆಗೇ ಇದ್ದು ಅಂದೇ ಡಾಕ್ಟರ ಬಳಿ ಕರೆದೊಯ್ಯಿರಿ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬೆರಳು ತಣ್ಣಗಾಗಿ ಬಣ್ಣ ಬದಲಾಗುವುದು, ಹೊಸದಾಗಿ ಕಣ್ಣು ಪಿಳುಕಿಸುವುದು ಇಷ್ಟು ತುರ್ತಲ್ಲ, ಆದರೂ ಆ ವಾರವೇ ಹೇಳಿ. ಪಿಳುಕಿಸುವುದಕ್ಕೆ ದೃಷ್ಟಿ ತೆಗೆಸಿದರೆ ತಪ್ಪಿಲ್ಲ, ಅದರ ಜೊತೆ ಫೋನನ್ನೂ ಮಾಡಿ.

ಗುಳಿಗೆ ತರುವುದೇ ಒಂದು ಹಂತ

ಮೀಥೈಲ್‌ಫೆನಿಡೇಟ್ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಹೆಸರು ಕೇಳಿ ಗಾಬರಿಯಾಗಬೇಡಿ, ಡಾಕ್ಟರು ಬರೆದಷ್ಟು ಕೊಟ್ಟರೆ ಮಗು ಚಟಕ್ಕೆ ಬೀಳುವುದಿಲ್ಲ. ಚೀಟಿ ಇಲ್ಲದೆ ಸಿಗುವುದಿಲ್ಲ, ಎಲ್ಲ ಅಂಗಡಿಯವರೂ ಇಡುವುದಿಲ್ಲ, ಅಷ್ಟೆ. ಜಮಖಂಡಿ, ಇಳಕಲ್ಲಿನಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಬರುವವರಿಗೆ ಒಂದು ಇಡೀ ದಿನ ಬೇಕು. ಹಾಗಾಗಿ ಹತ್ತು ದಿನದ ಗುಳಿಗೆ ಉಳಿದಿರುವಾಗಲೇ ಹೊರಡುವ ದಿನ ಗೊತ್ತುಮಾಡಿ. ಕ್ಲೊನಿಡಿನ್ ಇದ್ದರಂತೂ ಇದನ್ನು ತಪ್ಪಿಸಲೇಬೇಡಿ. ಮನೆಯಲ್ಲಿ ಗುಳಿಗೆ ಬೀಗದೊಳಗಿರಲಿ, ತಮ್ಮ ತಂಗಿಯರ ಕೈಗೆ ಸಿಗಬಾರದು. ಹೊರಡುವಾಗ ಖಾಲಿ ಪಟ್ಟಿ, ಹಳೆಯ ಚೀಟಿ, ಆ ನೋಟ್‌ಬುಕ್ ಮೂರೂ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಮನೆಯಲ್ಲಿ ಗುಳಿಗೆ ಬೇಡವೆನ್ನುವ ಆಯಿಯನ್ನೂ ಒಮ್ಮೆ ಕರೆದೊಯ್ಯಿರಿ. ಊಟದ ಲೆಕ್ಕ ಅವಳಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.