ಹದಿನೈದು ದಿನ ಕಪಾಟಿನಲ್ಲಿಡುವ ಫೋನು

ಮಂಡ್ಯದ ವಿ.ವಿ. ರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಯೊಂದರಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿಯಿದೆ. ಹಳೆಯ ಫೋನುಗಳನ್ನು ಕೊಂಡು, ಬ್ಯಾಟರಿಯನ್ನೋ ಡಿಸ್‌ಪ್ಲೇಯನ್ನೋ ಬದಲಾಯಿಸಿ ಮಾರುವ ವ್ಯಾಪಾರವೂ ರಿಪೇರಿಯ ಜೊತೆಜೊತೆಗೇ ಬೆಳೆದುಬಂತು. ಎರಡು ವರ್ಷದ ಹಿಂದೆ ದಸರಾ ಮುಗಿದ ವಾರ ಒಬ್ಬ ಯುವಕ ಒಳ್ಳೆಯ ಸ್ಥಿತಿಯಲ್ಲಿದ್ದ ಫೋನೊಂದನ್ನು ತಂದ. ಬಿಲ್ಲು, ಡಬ್ಬಿ ಎರಡೂ ಮನೆ ಬದಲಾಯಿಸುವಾಗ ಕಳೆದುಹೋದವೆಂದು ಹೇಳಿದ. ಪ್ರತಿ ಫೋನಿಗೂ ಪ್ರತ್ಯೇಕವಾಗಿರುವ ಗುರುತಿನ ಸಂಖ್ಯೆಯಾದ ಐಎಂಇಐಯನ್ನು ನಾನು ಪರೀಕ್ಷಿಸಿದೆ; ಯಾವ ದೋಷವೂ ಇಲ್ಲವೆಂಬ ಉತ್ತರ ಬಂತು. 9,000 ರೂಪಾಯಿ ಕೊಟ್ಟು ಕೊಂಡ ಆ ಫೋನನ್ನು ಮೂರನೆಯ ದಿನವೇ ಶಾಲಾ ಶಿಕ್ಷಕಿಯೊಬ್ಬರಿಗೆ 11,500 ರೂಪಾಯಿಗೆ ಮಾರಿದೆ.

ಹನ್ನೊಂದನೆಯ ದಿನ ಅವರು ಅಂಗಡಿಗೆ ಬಂದು, "ಅಣ್ಣ, ನೆನ್ನೆ ಸಂಜೆಯಿಂದ ಟವರೇ ಸಿಕ್ತಾ ಇಲ್ಲ, ಸಿಮ್ ಕಂಪನಿಯವರನ್ನ ಕೇಳಿದ್ರೆ ಫೋನಿಂದೇ ತೊಂದರೆ ಅಂತಾರೆ" ಎಂದರು. ಎರಡು ಬೇರೆ ಬೇರೆ ಸಿಮ್ ಹಾಕಿ ನೋಡಿದೆ. ವೈಫೈನಲ್ಲಿ ಎಲ್ಲವೂ ನಡೆಯುತ್ತಿತ್ತು, ಕರೆ ಮಾತ್ರ ಹೋಗುತ್ತಿರಲಿಲ್ಲ. ಅದೇ ಸಂಖ್ಯೆಯನ್ನು ಮತ್ತೊಮ್ಮೆ ಪರೀಕ್ಷಿಸಿದಾಗ ಈ ಬಾರಿ ಕಪ್ಪುಪಟ್ಟಿಗೆ, ಅಂದರೆ ಕಳೆದುಹೋದವೆಂದೋ ಕಳವಾದವೆಂದೋ ಬ್ಲಾಕ್ ಮಾಡಿಸಿದ ಫೋನುಗಳ ಪಟ್ಟಿಗೆ, ಸೇರಿದೆ ಎಂಬ ಉತ್ತರ ಬಂತು. ಎರಡು ದಿನ ಕಳೆದ ಮೇಲೆ ಪೊಲೀಸ್ ಠಾಣೆಯಿಂದ ಕರೆ ಬಂದದ್ದು ನನಗಲ್ಲ, ಆ ಮೇಡಂಗೆ. ಬ್ಲಾಕ್ ಆದ ಫೋನಿನಲ್ಲಿ ಯಾರ ಸಿಮ್ ಹಾಕಿದರೂ ಆ ಮೊಬೈಲ್ ಸಂಖ್ಯೆಯ ವಿವರ ಪೊಲೀಸರಿಗೆ ಸಿಗುತ್ತದೆ. ನಾನು ಅವರ ಜೊತೆ ಠಾಣೆಗೆ ಹೋಗಿ, ಮಾರಿದವನು ನಾನೇ ಎಂದು ಹೇಳಿಕೆ ಕೊಟ್ಟೆ. ಫೋನು ಠಾಣೆಯಲ್ಲಿ ಉಳಿಯಿತು, ಅವರ ಹಣವನ್ನು ನಾನು ಪೂರ್ತಿ ಹಿಂದಿರುಗಿಸಿದೆ. ನನಗೆ ಮಾರಿದವನ ಬಗ್ಗೆ ನನ್ನ ಬಳಿಯಿದ್ದದ್ದು ಒಂದು ಹೆಸರು, ಸ್ವಿಚ್ ಆಫ್ ಆಗಿದ್ದ ಒಂದು ನಂಬರು, ಅಷ್ಟೆ. ಹಣ ಹೋದದ್ದಕ್ಕಿಂತ, ಒಂದು ತಪ್ಪೂ ಮಾಡದ ಶಿಕ್ಷಕಿ ಠಾಣೆಯ ಬೆಂಚಿನ ಮೇಲೆ ಮಧ್ಯಾಹ್ನವೆಲ್ಲಾ ಕುಳಿತಿರಬೇಕಾಯಿತಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿತು.

ಪರೀಕ್ಷೆ ಮಾಡಿಯೂ ಮೋಸಹೋದದ್ದು ಹೇಗೆಂದು ಅಲ್ಲಿಯೇ ವಿಚಾರಿಸಿದೆ. ಫೋನಿನ ಮಾಲೀಕರು ಅದನ್ನು ಮೈಸೂರಿನ ದಸರಾ ಜನಜಂಗುಳಿಯಲ್ಲಿ ಕಳೆದುಕೊಂಡು, ಎಲ್ಲಾದರೂ ಸಿಕ್ಕೀತೆಂದು ಕಾದು, ತಡವಾಗಿ ದೂರು ಕೊಟ್ಟಿದ್ದರು. 2023ರ ಮೇ ತಿಂಗಳಲ್ಲಿ ದೇಶಾದ್ಯಂತ ಜಾರಿಗೆ ಬಂದ, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಫೋನನ್ನು ಬ್ಲಾಕ್ ಮಾಡಿಸಬೇಕಾದರೆ ಪೊಲೀಸ್ ದೂರಿನ ಪ್ರತಿ ಬೇಕು. ಒಟಿಪಿ ಬರುವುದಕ್ಕೆ ಕಳೆದುಹೋದ ನಂಬರಿನ ಹೊಸ ಸಿಮ್ ಪಡೆದಿರಬೇಕು. ಹೊಸ ಸಿಮ್‌ನಲ್ಲಿ ಎಸ್‌ಎಂಎಸ್ ಸೌಲಭ್ಯ ಸಿಗುವುದಕ್ಕೇ ಒಂದು ದಿನ ಹಿಡಿಯುತ್ತದೆ. ಮಾಲೀಕರು ಎಷ್ಟೇ ಚುರುಕಾಗಿದ್ದರೂ ಕಳವಿಗೂ ಬ್ಲಾಕಿಗೂ ನಡುವೆ ಒಂದು ಬಿಡುವು ಇದ್ದೇ ಇರುತ್ತದೆ, ಕಳ್ಳನು ಮಾರುವುದೂ ಆ ಬಿಡುವಿನಲ್ಲಿಯೇ. ಆದ್ದರಿಂದ ನನಗೆ ಬಂದ ಉತ್ತರ ಸುಳ್ಳಾಗಿರಲಿಲ್ಲ, ಅದು ಆ ಹೊತ್ತಿಗಷ್ಟೇ ನಿಜವಾಗಿತ್ತು.

ಅಂದಿನಿಂದ ನಾನು ಕೊಳ್ಳುವ ಕ್ರಮವನ್ನೇ ಬದಲಾಯಿಸಿಕೊಂಡೆ. ಗಿರಾಕಿ ಫೋನನ್ನು ಕೈಗಿಟ್ಟ ಕೂಡಲೇ ನನ್ನ ಸಿಮ್ ಹಾಕಿ ನೋಡುತ್ತಿದ್ದ ಹಳೆಯ ಅಭ್ಯಾಸವನ್ನು ಮೊದಲು ಬಿಟ್ಟೆ, ಏಕೆಂದರೆ ಅದು ಬ್ಲಾಕ್ ಆಗಿದ್ದರೆ ದಾಖಲಾಗುವುದು ನನ್ನದೇ ನಂಬರು. ಈಗ *#06# ಒತ್ತಿ, ತೆರೆಯ ಮೇಲೆ ಬರುವ 15 ಅಂಕಿಗಳ ಸಂಖ್ಯೆಯನ್ನು ಬರೆದುಕೊಂಡು, ಇಂಗ್ಲಿಷಿನಲ್ಲಿ ಕೆವೈಎಂ (KYM) ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಅದರ ನಂತರ ಈ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳಿಸುತ್ತೇನೆ. ಎರಡು ಸಿಮ್‌ನ ಫೋನಿಗೆ ಎರಡು ಐಎಂಇಐ ಇರುತ್ತವೆ, ಎರಡನ್ನೂ ಕಳಿಸಬೇಕು. ಕಪ್ಪುಪಟ್ಟಿಯಲ್ಲಿದೆ, ನಕಲಿಯಾಗಿದೆ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಮಾತು ಅಲ್ಲಿಗೆ ಮುಗಿಯಿತು. ಏನೂ ಇಲ್ಲವೆಂದು ಬಂದರೂ ಉತ್ತರದಲ್ಲಿರುವ ಕಂಪನಿ ಮತ್ತು ಮಾಡೆಲ್ ಹೆಸರನ್ನು ಕೈಯಲ್ಲಿರುವ ಫೋನಿನೊಂದಿಗೆ ಹೋಲಿಸುತ್ತೇನೆ. ಐಎಂಇಐನ ಮೊದಲ 8 ಅಂಕಿಗಳು ಮಾಡೆಲನ್ನು ಸೂಚಿಸುತ್ತವೆಯಾದ್ದರಿಂದ, ಸಂಖ್ಯೆಯನ್ನು ತಿದ್ದಿದವನು ಇಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು. ಒಮ್ಮೆ ಕೈಯಲ್ಲಿದ್ದದ್ದು ಒಂದು ಕಂಪನಿಯ ಫೋನು, ಸಂದೇಶದಲ್ಲಿ ಬಂದದ್ದು ಇನ್ನೊಂದು ಕಂಪನಿಯ ಹೆಸರು. ತಂದವನು ಟೀ ಕುಡಿದು ಬರುತ್ತೇನೆಂದು ಹೋದವನು ಈವರೆಗೂ ಟೀ ಮುಗಿಸಿಲ್ಲ. 2023ರ ದೂರಸಂಪರ್ಕ ಕಾಯ್ದೆಯಂತೆ ಇಂತಹ ತಿದ್ದುವಿಕೆಗೆ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಡಬ್ಬಿಯ ಮೇಲಿನ ಸಂಖ್ಯೆ ಹೊಂದಲಿಲ್ಲವೆಂದ ಮಾತ್ರಕ್ಕೆ ಕೂಡಲೇ ಕಳವೆಂದು ತೀರ್ಮಾನಿಸಬಾರದು. ಸರ್ವಿಸ್ ಸೆಂಟರಿನಲ್ಲಿ ಒಳಗಿನ ಮುಖ್ಯ ಬೋರ್ಡ್ ಬದಲಾಯಿಸಿದ ಫೋನಿಗೆ ಸಂಖ್ಯೆಯೂ ಬದಲಾಗಿರಬಹುದು, ಆಗ ಆ ರಿಪೇರಿಯ ವಿವರ ಬರೆದಿರುವ ಜಾಬ್ ಶೀಟ್ ಕೇಳುತ್ತೇನೆ. ಆನ್ ಆಗದ ಡೆಡ್ ಫೋನುಗಳದ್ದು ಬೇರೆಯೇ ತೊಡಕು. ಬಿಡಿಭಾಗಗಳಿಗೆಂದು ಅಗ್ಗವಾಗಿ ಕೊಂಡ ಫೋನಿನಲ್ಲಿ *#06# ನೋಡುವುದಕ್ಕಾಗುವುದಿಲ್ಲ, ಆದರೆ ಐಎಂಇಐ ಕುಳಿತಿರುವುದು ಅದರ ಬೋರ್ಡಿನಲ್ಲಿಯೇ. ಆ ಬೋರ್ಡನ್ನು ಇನ್ನೊಂದು ಫೋನಿಗೆ ಹಾಕಿಕೊಟ್ಟರೆ, ಕಪ್ಪುಪಟ್ಟಿಯನ್ನೂ ನಾನೇ ಎತ್ತಿ ಆ ಗಿರಾಕಿಯ ಕೈಗೆ ಇಟ್ಟಂತಾಗಬಹುದು. ಹಾಗಾಗಿ ಡೆಡ್ ಫೋನಿನಿಂದ ಡಿಸ್‌ಪ್ಲೇ, ಕ್ಯಾಮೆರಾ ತೆಗೆಯುತ್ತೇನೆಯೇ ಹೊರತು ಬೋರ್ಡನ್ನು ಮುಟ್ಟುವುದಿಲ್ಲ. ಕಂತಿನ ಫೋನುಗಳಂತೂ ಕಪ್ಪುಪಟ್ಟಿಯಲ್ಲಿ ಇಲ್ಲದಿದ್ದರೂ ಕಂತು ತಪ್ಪಿದರೆ ಸಾಲ ಕೊಟ್ಟವರು ಲಾಕ್ ಮಾಡುವ ಸಂಭವವಿರುತ್ತದೆ, ಸಾಲ ತೀರಿದ ಪತ್ರವಿಲ್ಲದೆ ಅವನ್ನು ಕೊಳ್ಳುವುದಿಲ್ಲ.

ಇದೆಲ್ಲ ಸರಿಯಾದ ಮೇಲೆ ಮಾರುವವರು ತಮ್ಮ ಗೂಗಲ್ ಖಾತೆಯನ್ನೋ ಐಕ್ಲೌಡ್ ಖಾತೆಯನ್ನೋ ನನ್ನೆದುರಿಗೇ ತೆಗೆಯಬೇಕು. ನಿಜವಾದ ಮಾಲೀಕನಿಗೆ ಪಾಸ್‌ವರ್ಡ್ ಗೊತ್ತಿರುತ್ತದೆ, ಮರೆತಿದ್ದರೂ ಪಡೆದುಕೊಳ್ಳುವ ದಾರಿ ಇರುತ್ತದೆ. ಬಳಿಕ ಗುರುತಿನ ಚೀಟಿಯ ಪ್ರತಿ, ಸಹಿ, ಎರಡೂ ಐಎಂಇಐ, ದಿನಾಂಕ ಇವೆಲ್ಲ ರಿಜಿಸ್ಟರಿನಲ್ಲಿ ಸೇರಬೇಕು. ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮು ಕಳವಿನ ಮಾಲೆಂದು ತಿಳಿದು ಕೊಂಡವನನ್ನಷ್ಟೇ ಅಲ್ಲ, ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡವನನ್ನೂ ಹಿಡಿಯುತ್ತದೆ. ಅಂತಹ ಕಾರಣ ನನಗಿರಲಿಲ್ಲವೆಂದು ತೋರಿಸಲು ನನ್ನ ಬಳಿ ಇರುವುದು ಈ ರಿಜಿಸ್ಟರು. ದೂರಸಂಪರ್ಕ ನಿಯಮಗಳಿಗೆ 2025ರ ಅಕ್ಟೋಬರಿನಲ್ಲಿ ಬಂದ ತಿದ್ದುಪಡಿಯ ನಂತರ ಹಳೆಯ ಫೋನು ಕೊಳ್ಳುವವರು, ಮಾರುವವರು ಐಎಂಇಐ ಪರೀಕ್ಷಿಸುವುದು ಕಾನೂನಿನ ಕರ್ತವ್ಯವೇ ಆಗಿದೆ.

ಕೊಂಡ ಫೋನನ್ನು ಹದಿನೈದು ದಿನ ಮಾರದೆ ಕಪಾಟಿನಲ್ಲಿಡುತ್ತೇನೆ, ಮಾರುವ ದಿನ ಬೆಳಿಗ್ಗೆ ಮತ್ತೊಮ್ಮೆ ಪರೀಕ್ಷಿಸುತ್ತೇನೆ. ಬಿಲ್ಲಿಲ್ಲದೆ ಬಂದವರಿಗೆ ಅರ್ಧ ಹಣವನ್ನು ಅಂದು, ಉಳಿದದ್ದನ್ನು ಹದಿನಾರನೆಯ ದಿನ ಕೊಡುತ್ತೇನೆ. ಇದರಿಂದ ನಷ್ಟವಿಲ್ಲವೆಂದು ಹೇಳಲಾರೆ. ಹೊಸ ಮಾಡೆಲ್ ಬಂದರೆ ಕಪಾಟಿನಲ್ಲಿರುವ ಫೋನಿನ ಬೆಲೆ ಕುಸಿಯುತ್ತದೆ. ಹಾಸ್ಟೆಲ್ ಫೀಸು ಕಟ್ಟಲು ಫೋನು ಮಾರಲು ಬಂದ ಹುಡುಗ ಅಷ್ಟು ದಿನ ಕಾಯಲಾರದೆ, ಕೇಳಿದ ಕೂಡಲೇ ಪೂರ್ತಿ ಹಣ ಎಣಿಸುವ ಅಂಗಡಿಗೆ ಹೋಗುತ್ತಾನೆ.

ಕಳೆದ ತಿಂಗಳು ಮದ್ದೂರಿನ ಕಡೆಯ ಒಬ್ಬ ತಾಯಿ ತೀರಿಕೊಂಡ ಗಂಡನ ಫೋನು ತಂದಿದ್ದರು. ಬಿಲ್ಲೂ ಇರಲಿಲ್ಲ, ಪಾಸ್‌ವರ್ಡೂ ಗೊತ್ತಿರಲಿಲ್ಲ. ಅರ್ಧ ಹಣದ ಮಾತೆತ್ತಿದಾಗ, "ನಮ್ಮನ್ನೂ ಕಳ್ರು ಅಂದ್ಕೊಂಡ್ರಾ ಅಪ್ಪಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಫೋನು ಕೊಂಡ ಅಂಗಡಿಯ ಹೆಸರು ಅವರಿಗೆ ನೆನಪಿತ್ತು, ಅಲ್ಲಿಂದ ಹಳೆಯ ಬಿಲ್ಲಿನ ಪ್ರತಿ ತರಿಸಲು ನಾಲ್ಕು ದಿನವಾಯಿತು. ಅದು ಬಂದ ದಿನ ಅರ್ಧರ್ಧ ಮಾಡದೆ ಹಣವನ್ನು ಒಟ್ಟಿಗೇ ಕೊಟ್ಟೆ. ಆದರೆ ಖಾತೆಯ ಲಾಕ್ ತೆರೆಯಲಿಲ್ಲವಾದ್ದರಿಂದ ಬಿಡಿಭಾಗಗಳ ಬೆಲೆಯನ್ನಷ್ಟೇ ಕೊಡಲು ಸಾಧ್ಯವಾಯಿತು.