ಮೂರು ದಿನದ ರಜೆಗೆ ನೇತ್ರಾಣಿ ಮತ್ತು ಸೇಂಟ್ ಮೇರೀಸ್: ಮೊದಲು ಬೋಟು, ಆಮೇಲೆ ರೂಮು

ಕರಾವಳಿಗೆ ಹೊರಟವರು ಸಾಮಾನ್ಯವಾಗಿ ಮೊದಲು ರೂಮು ಹುಡುಕುತ್ತಾರೆ, ಆಮೇಲೆ ಬಸ್ಸು, ಕೊನೆಗೆ ಮಲ್ಪೆಯಲ್ಲಿ ಹೋಗಿ ನಿಂತು "ಬೋಟು ಉಂಟಾ?" ಎಂದು ಕೇಳುತ್ತಾರೆ. ದ್ವೀಪ ನೋಡಲೇಬೇಕೆಂದಿದ್ದರೆ ಈ ಕ್ರಮವನ್ನು ತಿರುಗಿಸಬೇಕು. ಬೋಟು ಯಾವ ದಿನ, ಯಾವ ಹೊತ್ತಿಗೆ ಎಂಬುದು ಮೊದಲು ಗಟ್ಟಿಯಾಗಲಿ. ರೂಮು, ಊಟ, ದೇವಸ್ಥಾನ ಎಲ್ಲ ಅದರ ಸುತ್ತ ಕೂರುತ್ತವೆ. ಕಡಲು ನಿಮ್ಮ ರಜೆಯ ಲೆಕ್ಕ ನೋಡುವುದಿಲ್ಲ, ಆದ್ದರಿಂದ ಒಂದು ಬೆಳಗನ್ನು ಅದಕ್ಕಾಗಿ ಖಾಲಿ ಬಿಟ್ಟಿರಬೇಕು.

ಇಲ್ಲಿರುವ ಯೋಜನೆ ಬೆಂಗಳೂರಿನಿಂದ ಹೊರಟು ಮುರ್ಡೇಶ್ವರದಲ್ಲಿ ಇಳಿದು, ನೇತ್ರಾಣಿ ದ್ವೀಪ ಮುಗಿಸಿ, ದಕ್ಷಿಣಕ್ಕೆ ಬಂದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿ ಉಡುಪಿಯಿಂದ ವಾಪಸಾಗುವವರಿಗೆ. ಉತ್ತರದಿಂದ ದಕ್ಷಿಣಕ್ಕೆ ಬರುವುದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇವೆ.

ಯಾವ ರಜೆ ಆಗುತ್ತದೆ, ಯಾವುದು ಆಗುವುದಿಲ್ಲ

ಕ್ಯಾಲೆಂಡರಿನಲ್ಲಿ ಸಾಲು ರಜೆ ಕಂಡ ಕೂಡಲೇ ಹೊರಡಬೇಡಿ. ಮಳೆಗಾಲದಲ್ಲಿ ಪ್ರವಾಸಿ ಬೋಟುಗಳು ಕಡಲಿಗಿಳಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ. ಅದು ಮುಗಿದ ಮೇಲೂ ಕಡಲು ತಣ್ಣಗಾಗಲು ಸಮಯ ಬೇಕು. ಹಾಗಾಗಿ ಸ್ವಾತಂತ್ರ್ಯೋತ್ಸವಕ್ಕೆ ಅಥವಾ ಗಣೇಶನ ಹಬ್ಬಕ್ಕೆ ಅಂಟಿಕೊಂಡು ಬರುವ ಸಾಲು ರಜೆಗಳಲ್ಲಿ ದ್ವೀಪದ ಆಸೆ ಬಿಡಿ. ಆಗ ನೋಡಬೇಕಾದದ್ದು ಜೋಗ, ಆಗುಂಬೆ.

ದಸರೆಯಿಂದ ಬೋಟಿನ ಕಾಲ ಶುರು. ಆದರೆ ಅಕ್ಟೋಬರ್, ನವೆಂಬರ್ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ತಿಂಗಳುಗಳು. 2019ರಲ್ಲಿ ದೀಪಾವಳಿಯ ಹೊತ್ತಿಗೇ ಕ್ಯಾರ್ ಚಂಡಮಾರುತ ಎದ್ದಿತ್ತು. ಅಲ್ಲದೆ ಮಳೆ ಮುಗಿದ ಹೊಸತರಲ್ಲಿ ಹೊಳೆಗಳು ತಂದ ಕೆಸರು ನೀರು ಕಡಲಲ್ಲಿ ಇನ್ನೂ ಇಳಿದಿರುವುದಿಲ್ಲ. ನೇತ್ರಾಣಿಯಲ್ಲಿ ಮುಳುಗಿ ಮೀನು ನೋಡಬೇಕೆನ್ನುವವರಿಗೆ ಡಿಸೆಂಬರ್, ಜನವರಿ ವಾಸಿ. ಕ್ರಿಸ್‌ಮಸ್ ವಾರದಲ್ಲಿ ಜನಜಂಗುಳಿ ಹೆಚ್ಚು, ಗಣರಾಜ್ಯೋತ್ಸವದ ಸುತ್ತಲಿನ ರಜೆ ಅದಕ್ಕಿಂತ ಒಳ್ಳೆಯದು. ಮಾರ್ಚ್ ನಂತರ ಸೆಕೆ, ಏಪ್ರಿಲ್-ಮೇ ತಿಂಗಳಲ್ಲಿ ದ್ವೀಪದ ಬಂಡೆಗಳ ಮೇಲೆ ಹನ್ನೊಂದು ಗಂಟೆಯ ನಂತರ ಕಾಲಿಡಲಾಗದು.

ಉಡುಪಿಯಲ್ಲಿ ಉಳಿಯುವವರು ಪರ್ಯಾಯದ (ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ದಿನ ನೆನಪಿಡಿ. ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಜನವರಿ 18ರಂದು ಬರುತ್ತದೆ. ಅದರ ಹಿಂದುಮುಂದಿನ ದಿನಗಳಲ್ಲಿ ಊರಲ್ಲಿ ರೂಮು ಸಿಗುವುದಿಲ್ಲ. ಮುರ್ಡೇಶ್ವರಕ್ಕೆ ಶಿವರಾತ್ರಿ ಹಾಗೆಯೇ.

ಹೋಗುವುದು, ಬರುವುದು

ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಈ ಪ್ರವಾಸಕ್ಕೆ ಹೇಳಿ ಮಾಡಿಸಿದ ರೈಲು. ಸಂಜೆ ಬೆಂಗಳೂರು ಬಿಟ್ಟರೆ ನಸುಕಿನಲ್ಲಿ ಉಡುಪಿ, ಕುಂದಾಪುರ, ಬೆಳಗಾಗುವ ಹೊತ್ತಿಗೆ ಮುರ್ಡೇಶ್ವರ. ವಾಪಸು ಬರುವಾಗ ಸಂಜೆ ಕಾರವಾರ ಬಿಟ್ಟು, ರಾತ್ರಿ ಉಡುಪಿ ದಾಟಿ, ಬೆಳಿಗ್ಗೆ ಬೆಂಗಳೂರು. 2024ರ ನವೆಂಬರಿನಿಂದ ರೈಲು ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಸಾಲು ರಜೆಯ ಗುರುವಾರ ರಾತ್ರಿಯ ಟಿಕೆಟ್ ಬೇಕಿದ್ದರೆ ಆ ಅರವತ್ತನೆಯ ದಿನ ಬೆಳಿಗ್ಗೆ ಎಂಟಕ್ಕೇ ಕೂರಬೇಕು. ಹೋಗುವ ಟಿಕೆಟ್ ಸಿಕ್ಕ ಖುಷಿಯಲ್ಲಿ ವಾಪಸಿನದ್ದು ಮರೆಯುವವರು ಬಹಳ. ಭಾನುವಾರ ರಾತ್ರಿಯದ್ದು ಇನ್ನೂ ಬೇಗ ತುಂಬುತ್ತದೆ. ಅದರ ಬುಕಿಂಗ್ ಮೂರು ದಿನ ತಡವಾಗಿ ತೆರೆಯುವುದರಿಂದ ಅದಕ್ಕೂ ಅಲಾರಾಂ ಇಟ್ಟುಕೊಳ್ಳಿ.

ರೈಲು ಸಿಗದಿದ್ದರೆ ರಾತ್ರಿ ಬಸ್ಸು. ಕಾರಿನಲ್ಲಿ ಬರುವವರಿಗೆ ಬೆಂಗಳೂರಿನಿಂದ ಉಡುಪಿ ಸುಮಾರು 400 ಕಿಲೋಮೀಟರ್, ಉಡುಪಿಯಿಂದ ಮುರ್ಡೇಶ್ವರ ಮತ್ತೆ ಸುಮಾರು 100. ಮುರ್ಡೇಶ್ವರಕ್ಕೆ ನೇರ ಹೋಗುವವರು ಶಿವಮೊಗ್ಗ, ಸಾಗರ, ಗೇರುಸೊಪ್ಪೆಯ ಮೇಲೆ ಹೊನ್ನಾವರಕ್ಕೆ ಇಳಿದು ಅಲ್ಲಿಂದ 27 ಕಿಲೋಮೀಟರ್ ದಕ್ಷಿಣಕ್ಕೆ ಬರಬಹುದು. ದಾರಿ ಸುಂದರ, ಆದರೆ ತಿರುವು ಜಾಸ್ತಿ, ಹಗಲಲ್ಲೇ ಇಳಿಯಿರಿ. ಒಬ್ಬನೇ ಡ್ರೈವರ್ ಇದ್ದು, ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಏಳಕ್ಕೆ ನೇತ್ರಾಣಿ ಬೋಟು ಹತ್ತುವ ಯೋಜನೆ ಮಾಡಲೇಬೇಡಿ. ನಿದ್ದೆಗೆಟ್ಟ ಹೊಟ್ಟೆಗೆ ಕಡಲ ಕುಲುಕಾಟ ತಡೆಯುವುದಿಲ್ಲ.

ಮೊದಲ ದಿನ: ಮುರ್ಡೇಶ್ವರ, ಹೊನ್ನಾವರ

ಬೆಳಿಗ್ಗೆ ಇಳಿದು, ರೂಮಿನಲ್ಲಿ ಚೀಲವಿಟ್ಟು, ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗಿ. ಬೇಗ ರೂಮು ಕೊಡುತ್ತಾರೋ ಇಲ್ಲವೋ ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ. ಕೆಲವು ಲಾಡ್ಜುಗಳಲ್ಲಿ 24 ಗಂಟೆಯ ಲೆಕ್ಕ, ಕೆಲವದರಲ್ಲಿ ಮಧ್ಯಾಹ್ನದಿಂದ ಮಧ್ಯಾಹ್ನದ ಲೆಕ್ಕ. 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟಿದೆ, ಅಲ್ಲಿಂದ 123 ಅಡಿಯ ಶಿವನೂ ಅವನ ಹಿಂದಿನ ಕಡಲೂ ಒಟ್ಟಿಗೆ ಕಾಣುತ್ತವೆ. ರಜೆ ದಿನ ಹತ್ತು ಗಂಟೆ ದಾಟಿತೆಂದರೆ ಲಿಫ್ಟಿನ ಸಾಲು ಬೆಳೆಯುತ್ತದೆ.

ಮಧ್ಯಾಹ್ನ ಮಲಗಿ. ಬಿಸಿಲು ಇಳಿದ ಮೇಲೆ ಹೊನ್ನಾವರದ ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ವನಕ್ಕೆ ಹೋಗಬಹುದು. ಮರದ ನಡಿಗೆ ದಾರಿಯ ಎರಡೂ ಬದಿ ಕಾಂಡ್ಲಾ ಬೇರುಗಳು ಕೆಸರಿನಿಂದ ಮೇಲೆದ್ದು ನಿಂತಿರುವುದನ್ನು ಇಳಿತದ ಹೊತ್ತಲ್ಲಿ ಚೆನ್ನಾಗಿ ನೋಡಬಹುದು. ಪಕ್ಕದ ಕಾಸರಕೋಡು ಕಡಲತೀರ 2020ರಲ್ಲಿ ಬ್ಲೂ ಫ್ಲ್ಯಾಗ್ (ಶುಚಿ, ಸುರಕ್ಷಿತ ತೀರಗಳಿಗೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆ) ಪಡೆದದ್ದು. ಸ್ನಾನದ ಕೋಣೆ, ಶೌಚಾಲಯ ಶುಚಿಯಾಗಿರುವ ತೀರ ಬೇಕೆನ್ನುವ, ಮಕ್ಕಳಿರುವ ಮನೆಯವರಿಗೆ ಇದು ಸರಿ.

ರಾತ್ರಿ ಊಟ ಹಗುರವಾಗಿರಲಿ. ಪಕ್ಕದ ಭಟ್ಕಳದ ಬಿರಿಯಾನಿ ರುಚಿ ನೋಡಲೇಬೇಕಾದದ್ದು ನಿಜ, ಅದನ್ನು ನಾಳೆ ನೇತ್ರಾಣಿಯಲ್ಲಿ ಡೈವ್ (ನೀರಿನೊಳಗೆ ಮುಳುಗುವುದು) ಮುಗಿದ ಮೇಲೆ ತಿನ್ನಿ. ಮದ್ಯ ಈ ರಾತ್ರಿ ಬೇಡ. ಒಂಬತ್ತೂವರೆಗೆ ಮಲಗಿ.

ಎರಡನೆಯ ದಿನ: ನೇತ್ರಾಣಿ

ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿದೆ. ಬೋಟಿನಲ್ಲಿ ಒಂದರಿಂದ ಒಂದೂವರೆ ಗಂಟೆ. ದ್ವೀಪದ ಮೇಲೆ ಇಳಿಯುವಂತಿಲ್ಲ, ಬೋಟು ಬಂಡೆಗಳ ಪಕ್ಕ ಲಂಗರು ಹಾಕುತ್ತದೆ, ಅಲ್ಲಿಂದಲೇ ನೀರಿಗಿಳಿಯುವುದು. ಇದು ತಿಳಿಯದೆ "ದ್ವೀಪದಲ್ಲಿ ಪಿಕ್‌ನಿಕ್" ಎಂದುಕೊಂಡು ಅಜ್ಜಿ, ಪುಟ್ಟ ಮಕ್ಕಳನ್ನು ಕರೆತಂದರೆ ಅವರು ನಾಲ್ಕೈದು ಗಂಟೆ ಕುಲುಕುವ ಬೋಟಿನಲ್ಲೇ ಕೂರಬೇಕಾಗುತ್ತದೆ. ಅವರನ್ನು ಮುರ್ಡೇಶ್ವರದಲ್ಲಿ ಬಿಡುವುದೇ ಕ್ಷೇಮ.

ಈಜು ಬಾರದವರೂ ತರಬೇತುದಾರರ ಜೊತೆ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಡೈವ್, ಮಾಡಬಹುದು. ಹತ್ತು ವರ್ಷ ದಾಟಿರಬೇಕು. ಮೊದಲ ಸಲದವರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯುವಂತಿಲ್ಲ. ಬುಕ್ ಮಾಡುವ ಮುನ್ನ ನಾಲ್ಕು ವಿಷಯ ಕೇಳಿ: ಒಬ್ಬ ತರಬೇತುದಾರನಿಗೆ ನೀರಿನೊಳಗೆ ಎಷ್ಟು ಜನ (ಮೊದಲ ಸಲದವರಿಗೆ ಒಬ್ಬರಿಗೊಬ್ಬರಿರಬೇಕು), ಬೋಟಿನಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಹೇಳಿದ ದರದಲ್ಲಿ ಬೋಟು, ಉಪಕರಣ, ವಿಡಿಯೊ ಎಲ್ಲ ಸೇರಿದೆಯೇ, ಕಡಲು ಕೆಟ್ಟು ಬೋಟು ಹೋಗದಿದ್ದರೆ ಹಣ ವಾಪಸೋ ಬೇರೆ ದಿನವೋ. ಆರೋಗ್ಯದ ಫಾರಂ ಕೊಡುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಅಪಸ್ಮಾರ, ಇತ್ತೀಚಿನ ಶಸ್ತ್ರಚಿಕಿತ್ಸೆ, ಬಸಿರು ಇವನ್ನು ಮುಚ್ಚಿಡಬೇಡಿ. ಹಣ ಹೋದೀತೆಂದು "ಇಲ್ಲ" ಎಂದು ಗೀಚುವವರಿದ್ದಾರೆ, ಅದು ಜೀವದ ಜೊತೆ ಆಟ.

ನೆಗಡಿ, ಮೂಗು ಕಟ್ಟಿರುವುದು ಸಣ್ಣ ವಿಷಯವಲ್ಲ. ಆಳಕ್ಕಿಳಿದಂತೆ ನೀರಿನ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಉಸಿರು ಒತ್ತಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಒಳಗಿನ ಒತ್ತಡ ಸರಿಹೋಗುತ್ತದೆ. ಮೂಗು ಕಟ್ಟಿದ್ದರೆ ಆ ನಾಳ ತೆರೆಯುವುದಿಲ್ಲ, ನೋವು ಶುರುವಾಗುತ್ತದೆ, ತಮಟೆ ಹರಿಯಲೂಬಹುದು. ನೋವು ಬಂದ ಮೇಲೆ ಒತ್ತುವುದಲ್ಲ, ಬರುವ ಮುಂಚೆಯೇ, ಇಳಿಯಲು ಶುರುಮಾಡಿದ ಕೂಡಲೇ, ಪ್ರತಿ ಒಂದು ಮೀಟರಿಗೊಮ್ಮೆ ಮಾಡುತ್ತಿರಿ. ನೋವಾದರೆ ಕೈಸನ್ನೆ ಮಾಡಿ ಸ್ವಲ್ಪ ಮೇಲೇರಿ.

ವಾಂತಿಯ ವಿಷಯ. ಬೋಟು ಓಡುವಾಗ ಅಷ್ಟಾಗಿ ತೊಂದರೆಯಿಲ್ಲ, ಲಂಗರು ಹಾಕಿ ನಿಂತು ಸರದಿಗಾಗಿ ಕಾಯುವಾಗ ಅಕ್ಕಪಕ್ಕ ಹೊಯ್ದಾಡುತ್ತದಲ್ಲ, ಆಗ ಶುರುವಾಗುವುದು. ಖಾಲಿ ಹೊಟ್ಟೆಯೂ ಆಗದು, ತುಂಬಿದ ಹೊಟ್ಟೆಯೂ ಆಗದು. ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ಎಣ್ಣೆಯಲ್ಲಿ ಕರಿದ ಬನ್ಸ್, ಗೋಳಿಬಜೆ, ಹಾಲು ಹೆಚ್ಚಾದ ಕಾಫಿ ಬೇಡ. ಗಾಳಿ ಬೀಸುವ ಕಡೆ, ಬೋಟಿನ ಮಧ್ಯಭಾಗದಲ್ಲಿ ಕುಳಿತು ದೂರದ ದಿಗಂತ ನೋಡಿ, ಮೊಬೈಲ್ ನೋಡಬೇಡಿ. ಪ್ರಯಾಣದಲ್ಲಿ ವಾಂತಿಯಾಗುವ ಸ್ವಭಾವದವರು ಊರಲ್ಲೇ ವೈದ್ಯರನ್ನು ಕೇಳಿ ಮಾತ್ರೆ ತಂದು ಬೋಟು ಹತ್ತುವ ಒಂದು ಗಂಟೆ ಮುಂಚೆ ನುಂಗಿ. ಕಡಲ ನಡುವೆ ನುಂಗಿದ್ದು ಕೆಲಸಕ್ಕೆ ಬಾರದು. ಕೆಲವು ಮಾತ್ರೆ ತೂಕಡಿಕೆ ತರುತ್ತವೆ, ಅಂಥದ್ದು ತಿಂದು ಡೈವ್ ಮಾಡಬಹುದೇ ಎಂದೂ ವೈದ್ಯರನ್ನೇ ಕೇಳಿ.

ಉತ್ತರದಿಂದ ದಕ್ಷಿಣಕ್ಕೆ ಎಂದದ್ದಕ್ಕೆ ಕಾರಣ ಇಲ್ಲಿದೆ. ಸ್ಕೂಬಾ ಮಾಡಿದಾಗ ಸಾರಜನಕ ರಕ್ತದಲ್ಲಿ, ಮಾಂಸಖಂಡಗಳಲ್ಲಿ ಕರಗಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮುಂಚೆ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಕಡಿಮೆಯಾಗಿ ಒಳಗೇ ಗುಳ್ಳೆಗಳಾಗಬಹುದು. ಒಂದೇ ಡೈವ್ ಮಾಡಿದವರು 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದವರು 18 ಗಂಟೆ ಕಾಯಬೇಕೆಂಬುದು ಒಪ್ಪಿತ ನಿಯಮ. ವಿಮಾನಕ್ಕೆ ಮಾತ್ರ ಇದು ಎಂದು ಹಲವರು ತಿಳಿದಿದ್ದಾರೆ. 600 ಮೀಟರ್ ದಾಟುವ ಘಟ್ಟಕ್ಕೂ ಇದೇ ಲೆಕ್ಕ, ಸಕಲೇಶಪುರ, ಬೆಂಗಳೂರು ಎರಡೂ 900 ಮೀಟರ್ ಆಸುಪಾಸಿನಲ್ಲಿವೆ. ಎರಡು ಡೈವ್ ಮಾಡಿ ಮಧ್ಯಾಹ್ನ ಹನ್ನೆರಡಕ್ಕೆ ಮೇಲೆ ಬಂದವರು ಮರುದಿನ ಬೆಳಿಗ್ಗೆ ಆರರವರೆಗೆ ಕೆಳಗೇ ಇರಬೇಕು. ಕೊನೆಯ ದಿನ ಡೈವ್ ಇಟ್ಟುಕೊಂಡರೆ ರಾತ್ರಿಯ ಬಸ್ಸು ನಡುರಾತ್ರಿಗೇ ಶಿರಾಡಿ ಘಾಟಿ ಹತ್ತಿರುತ್ತದೆ. ಎರಡನೆಯ ದಿನ ಮಾಡಿದರೆ ಈ ಚಿಂತೆಯೇ ಇಲ್ಲ. ಆ ದಿನ ಕಡಲು ಕೆಟ್ಟಿದ್ದರೆ ಮೂರನೆಯ ಬೆಳಿಗ್ಗೆ ಒಂದೇ ಡೈವ್ ಮಾಡಿ, ಸೇಂಟ್ ಮೇರೀಸ್ ಕೈಬಿಟ್ಟು, ಹೊರಡುವ ಹೊತ್ತನ್ನು 12 ಗಂಟೆಯ ಲೆಕ್ಕಕ್ಕೆ ಹೊಂದಿಸಿಕೊಳ್ಳಿ.

ಮಧ್ಯಾಹ್ನದ ಊಟ ಮುಗಿಸಿ ಮೂರಕ್ಕೆ ಹೊರಟರೆ ಕುಂದಾಪುರದ ಈಚೆಗೇ ಸಿಗುವ ಮರವಂತೆಯಲ್ಲಿ ಸೂರ್ಯಾಸ್ತ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ವಾಹನಗಳು ವೇಗವಾಗಿ ಓಡುವ ರಸ್ತೆ ಅದು, ಫೋಟೊಗಾಗಿ ಮಕ್ಕಳನ್ನು ದಾಟಿಸಬೇಡಿ. ರಾತ್ರಿ ಉಡುಪಿ ಅಥವಾ ಮಲ್ಪೆಯಲ್ಲಿ ತಂಗಿ.

ಮೂರನೆಯ ದಿನ: ಸೇಂಟ್ ಮೇರೀಸ್

ಉಡುಪಿಯಿಂದ ಮಲ್ಪೆ ಆರು ಕಿಲೋಮೀಟರ್, ಸಿಟಿ ಬಸ್ಸುಗಳು ಮೇಲಿಂದ ಮೇಲೆ ಇವೆ. ಮೊದಲ ಬೋಟಿಗೇ ಹೋಗಿ. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಇರುವುದರಿಂದ ಕಡಲು ಸಮವಾಗಿರುತ್ತದೆ. ಮಧ್ಯಾಹ್ನವಾಗುತ್ತಿದ್ದಂತೆ ನೆಲ ಕಾದು ಕಡಲಗಾಳಿ ಬಲವಾಗುತ್ತದೆ, ಅಲೆ ಏಳುತ್ತದೆ. ಜೊತೆಗೆ, ಬೋಟು ತುಂಬುವಷ್ಟು ಜನ ಸೇರಿದ ಮೇಲೆಯೇ ಹೊರಡುವುದು. ಭಾನುವಾರ ಬೇಗ ತುಂಬುತ್ತದೆ, ಆದರೆ ಹನ್ನೊಂದರ ನಂತರ ವಾಪಸು ಬರುವ ಸಾಲೇ ದೊಡ್ಡ ತಲೆನೋವು.

ನೋಡಬೇಕಾದದ್ದು ಕಂಬಗಳಂತೆ ನಿಂತ ಬಂಡೆಗಳನ್ನು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ತಣಿದು ಕುಗ್ಗುವಾಗ ಐದು, ಆರು, ಏಳು ಮುಖದ ಕಂಬಗಳಾಗಿ ಬಿರಿಯಿತು. 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದರು. ಇಳಿತದಲ್ಲಿ ಕಂಬಗಳ ಬುಡ ಚೆನ್ನಾಗಿ ಕಾಣುತ್ತದೆ. ಮೊಬೈಲಿನಲ್ಲಿ ಮಲ್ಪೆಯ ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಳ್ಳಿ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಇಳಿತವೂ ಜಾಸ್ತಿ, ಉಬ್ಬರವೂ ಜಾಸ್ತಿ.

ಇಳಿತದಲ್ಲಿ ಹೊರಬಂದ ಬಂಡೆಗಳ ಮೇಲೆ ಪಾಚಿಯಿರುತ್ತದೆ, ಅಂಟಿಕೊಂಡ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿ. ಅಲೆ ಅಪ್ಪಳಿಸುವ ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯಲು ಹೋಗಿ ಇಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಹತ್ತು ಅಲೆ ಸಣ್ಣದು ಬಂದು ಹನ್ನೊಂದನೆಯದು ಎದೆಯೆತ್ತರ ಬರಬಹುದು. ಕಾವಲಿನವರು ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ. ನೀರಿಗಿಳಿಯುವುದಿದ್ದರೆ ಅವರು ಗುರುತಿಸಿದ ಜಾಗದಲ್ಲಿ ಮಾತ್ರ.

ನೆರಳೆಂದರೆ ತೆಂಗಿನ ಮರಗಳದ್ದಷ್ಟೇ. ತಲೆಗೆ ಟೋಪಿ, ಸ್ಟೀಲ್ ಬಾಟಲಿಯಲ್ಲಿ ತಲೆಗೊಂದು ಲೀಟರ್ ನೀರು ಇರಲಿ. ಪ್ಲಾಸ್ಟಿಕ್ ಒಯ್ಯಬೇಡಿ, ಕುರುಕಲು ತಿಂಡಿ ಡಬ್ಬಿಯಲ್ಲಿರಲಿ. ರಾತ್ರಿ ತಂಗಲು ಬಿಡುವುದಿಲ್ಲ. ಎರಡು ಗಂಟೆ ಸಾಕು, ಮಧ್ಯಾಹ್ನಕ್ಕೆ ಉಡುಪಿಗೆ ಬಂದರೆ ಕೃಷ್ಣ ಮಠದ ದರ್ಶನ, ಪ್ರಸಾದದ ಊಟ, ಇಲ್ಲವೇ ಮೀನೂಟ.

ಬೋಟು ನಿಂತರೆ

ಹೊರಡುವ ಎರಡು ದಿನ ಮುಂಚಿನಿಂದ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆಯ ಮುನ್ಸೂಚನೆಯನ್ನೂ ದಿನಾ ನೋಡಿ. ಬಿಸಿಲಿದ್ದು ಆಕಾಶ ತಿಳಿಯಾಗಿದ್ದರೂ ದೂರದ ಕಡಲಲ್ಲಿ ಎದ್ದ ಅಲೆ ದಡಕ್ಕೆ ಬಂದು ಬೋಟು ನಿಲ್ಲುವುದುಂಟು. "ಮಳೆಯೇ ಇಲ್ಲವಲ್ಲ" ಎಂದು ಬೋಟಿನವರ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ. ಬಂದರಿನವರು ಬೇಡವೆಂದ ಮೇಲೆ ಹೆಚ್ಚು ಹಣಕ್ಕೆ ಒಯ್ಯುತ್ತೇನೆಂದು ಯಾರಾದರೂ ಮುಂದೆ ಬಂದರೆ ಹತ್ತಬೇಡಿ. ಲೈಫ್ ಜಾಕೆಟ್ ಇಲ್ಲದ ಬೋಟನ್ನು ಯಾವ ದಿನವೂ ಹತ್ತಬೇಡಿ, ಕೊಟ್ಟದ್ದರ ಬಕಲ್‌ಗಳನ್ನು ಎಳೆದು ನೋಡಿ.

ಅಂಥ ದಿನ ಉಡುಪಿಯಿಂದ 13 ಕಿಲೋಮೀಟರ್ ದಕ್ಷಿಣದ ಕಾಪುವಿಗೆ ಹೋಗಿ. 1901ರ ದೀಪಸ್ತಂಭವನ್ನು ಸಂಜೆ ಹೊತ್ತು ಹತ್ತಲು ಬಿಡುತ್ತಾರೆ. ಅದಕ್ಕೂ ದಕ್ಷಿಣದ ಪಡುಬಿದ್ರಿಯದ್ದೂ ಬ್ಲೂ ಫ್ಲ್ಯಾಗ್ ತೀರ. ಬಸ್ಸೋ ರೈಲೋ ಹಿಡಿಯಲು ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಅಲ್ಲಿಂದ ಹೊರಡಿ, ರಜೆಯ ಕೊನೆಯ ಸಂಜೆ ಹೆದ್ದಾರಿ 66ರಲ್ಲಿ ಉಡುಪಿಯ ಒಳಹೊಕ್ಕುವಾಗ ವಾಹನಗಳು ಸಾಲುಗಟ್ಟಿರುತ್ತವೆ.